ಪಿನ್ನಮ್ಮನ ಮೂರನೇ ಪಿನ್ನು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗಡಿಯಾರ ರಿಪೇರಿ ಅಂಗಡಿಗೆ ಒತ್ತಿಕೊಂಡ ಹಾಗೆ ಒಂದು ಹೊಲಿಗೆ ಅಂಗಡಿ ಇದೆ. ಒಂದು ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ, ಅಳತೆ ನೋಡಲು ಪರದೆ ಕಟ್ಟಿದ ಮೂಲೆ. ಇಷ್ಟೂ ಹಿಡಿಸಿದ ಮೇಲೆ ಉಳಿದ ಜಾಗದಲ್ಲಿ ಒಬ್ಬರು ಆರಾಮವಾಗಿ ನಿಲ್ಲಬಹುದು. ಇಬ್ಬರು ನಿಂತರೆ ಪರಿಚಯ ಮಾಡಿಕೊಳ್ಳದೆ ವಿಧಿಯಿಲ್ಲ.

ಅಂಗಡಿಯ ಒಡತಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಅದನ್ನು ಕರೆಂಟ್ ಬಿಲ್ಲಿನವನು ಬಿಟ್ಟರೆ ಬೇರೆ ಯಾರೂ ಬಳಸುವುದಿಲ್ಲ. ಬೀದಿಗೆಲ್ಲ ಅವಳು ಪಿನ್ನಮ್ಮ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಸಂಜೆ ಬೀಗ ಹಾಕುವವರೆಗೆ ಅವಳ ತುಟಿಗಳ ನಡುವೆ ನಾಲ್ಕೈದು ಗುಂಡುಪಿನ್ನುಗಳು ಇದ್ದೇ ಇರುತ್ತವೆ. ಬಟ್ಟೆಗೆ ಚುಚ್ಚಿ ಅವು ಖಾಲಿಯಾದರೆ ಡಬ್ಬಿಯಿಂದ ಹೊಸವು ಬಂದು ಕೂರುತ್ತವೆ.

ಹೀಗಾಗಿ ಪಿನ್ನಮ್ಮನ ಮಾತೆಲ್ಲ "ಹ್ಞೂಂ" ಒಂದರಲ್ಲೇ ಮುಗಿಯುತ್ತದೆ. ಚಿಕ್ಕದಾಗಿ ಅಂದರೆ ಆಯಿತು. ಎಳೆದು ಮೇಲಕ್ಕೇರಿಸಿದರೆ ಹೌದಾ, ನಿಜವಾಗಲೂ? ಎರಡು ಸಲ ಕತ್ತರಿಸಿದ ಹಾಗೆ ಅಂದರೆ ಬೇಡ, ಆ ಬಣ್ಣ ನಿಮಗೆ ಒಪ್ಪುವುದಿಲ್ಲ. ಮೂಗಿನಿಂದ ಬಂದರೆ, ನಿಮ್ಮ ಇಷ್ಟ, ಆಮೇಲೆ ನನ್ನನ್ನು ಅನ್ನಬೇಡಿ. ಹಳೆಯ ಗಿರಾಕಿಗಳಿಗೆ ಇದೆಲ್ಲ ಬಾಯಿಪಾಠ. ಗಂಡ ಬದುಕಿದ್ದಾಗ ಎಲ್ಲರೆದುರೇ ತಮಾಷೆ ಮಾಡುತ್ತಿದ್ದ: "ಇವಳು ಬಾಯಿಂದ ಪಿನ್ ತೆಗೆದಳು ಅಂದ್ರೆ ನಾನು ಚಪ್ಪಲಿ ಹುಡುಕ್ತೀನಿ."

ಹೂಂಗುಟ್ಟುವುದರಲ್ಲಿ ಒಂದೇ ಒಂದು ತೊಂದರೆ. ಉತ್ತರ ಕೊಡಬಹುದು, ಪ್ರಶ್ನೆ ಕೇಳಲಾಗುವುದಿಲ್ಲ. "ಆಮೇಲೇನಾಯ್ತು?" ಅನ್ನಬೇಕಾದರೆ ತುಟಿ ಬಿಡಬೇಕು. ತುಟಿ ಬಿಟ್ಟರೆ ಪಿನ್ನು ನೆಲಕ್ಕೆ, ನೆಲದ ಪಿನ್ನು ಯಾರದೋ ಕಾಲಿಗೆ. ಅದಕ್ಕೇ ಪಿನ್ನಮ್ಮ ಯಾವ ಸುದ್ದಿಯ ಬಾಲವನ್ನೂ ಹಿಡಿಯಲು ಹೋಗುತ್ತಿರಲಿಲ್ಲ. ಕೇಳಿಸಿದಷ್ಟು ಕೇಳಿಸಿಕೊಂಡು ಉಳಿದದ್ದನ್ನು ತಾನೇ ಹೊಲಿದುಕೊಳ್ಳುತ್ತಿದ್ದಳು.

ಅವಳ ಹೆಸರು ನಿಂತಿದ್ದು ಕೈಯಲ್ಲಿ ಹಾಕುವ ಕಾಜಾದಿಂದ. ಕಾಜಾ ಎಂದರೆ ಗುಂಡಿ ತೂರಿಸುವ ಸೀಳು. ಅದರ ಸುತ್ತ ದಾರವನ್ನು ಒಂದಕ್ಕೊಂದು ತಾಗಿಸಿ, ಗಂಟು ಸಾಲಾಗಿ ಕೂರುವ ಹಾಗೆ ಹೊಲಿಯಬೇಕು. ಅಂಗಿಗೆ ಮಿಷನ್ನಿನ ಕಾಜಾ ಸಾಕು, ಕೋಟಿಗೆ ಕೈಯದೇ ಬೇಕು ಎನ್ನುವುದು ಅವಳ ಹಟ. ಅವಳು ಹಾಕಿದ ಕಾಜಾದ ಕೋಟು ಹರಿದರೂ ಕಾಜಾ ಹರಿಯುವುದಿಲ್ಲ ಎಂದು ಪಕ್ಕದ ಗಡಿಯಾರದವರು ಹೇಳುತ್ತಿದ್ದರು. ಅವರದೇ ಕೋಟು ಸಾಕ್ಷಿಗೆ ಗೂಟಕ್ಕೆ ನೇತಾಡುತ್ತಿತ್ತು.

ಇಂಥ ಕೈಗೆ ಕಣ್ಣು ಕೈಕೊಡಲು ಶುರುಮಾಡಿತು.

ಮೊದಮೊದಲು ಬಲ್ಬಿನ ಸುತ್ತ ಬೆಳಕಿನ ಬಳೆ ಕಾಣಿಸಿತು. ಬಲ್ಬು ಬದಲಾಯಿಸಿದಳು. ಬಳೆ ಬದಲಾಗಲಿಲ್ಲ. ಕನ್ನಡಕ ಒರೆಸಿದಳು, ಬೇರೆ ಹಾಕಿಸಿದಳು, ಕನ್ನಡಕದ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದಳು. ಬಿಳಿ ಬಟ್ಟೆಯ ಮೇಲಿನ ಬಣ್ಣದ ದಾರ ಹೇಗೋ ಕಾಣುತ್ತಿತ್ತು. ಕಪ್ಪು ಬಟ್ಟೆಯ ಮೇಲಿನ ಕಪ್ಪು ದಾರ ಮಾತ್ರ ಸೂಜಿಯಿಂದ ಹೊರಟದ್ದು ಎಲ್ಲಿ ಹೋಯಿತು ಎಂದೇ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಬಿಸಿಲು ಬಾಗಿಲಿಗೆ ಬಿದ್ದಾಗಲೇ ದಿನದ ಸೂಜಿಗಳಿಗೆಲ್ಲ ದಾರ ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಟ್ಟುಕೊಳ್ಳುತ್ತಿದ್ದಳು. ನೋಡಿದವರು "ಎಷ್ಟು ಅಚ್ಚುಕಟ್ಟು!" ಅನ್ನುತ್ತಿದ್ದರು. "ಹ್ಞೂಂ" ಎನ್ನುತ್ತಿದ್ದಳು.

ಬೀದಿಯ ಕೊನೆಯ ಶಾಲೆಯಲ್ಲಿ ಒಂದು ದಿನ ಉಚಿತವಾಗಿ ಕಣ್ಣು ನೋಡುತ್ತಿದ್ದರು. ಯಾರಿಗೂ ಹೇಳದೆ ಹೋಗಿ ಬಂದಳು. "ಪೊರೆ ಬರ್ತಾ ಇದೆಯಮ್ಮ, ಎರಡು ಕಣ್ಣಿಗೂ. ಆಸ್ಪತ್ರೆಗೆ ಬನ್ನಿ, ಮನೆಯವರನ್ನ ಕರ್ಕೊಂಡು," ಎಂದರು ಡಾಕ್ಟರು. ಬಾಯಲ್ಲಿ ಪಿನ್ನಿರಲಿಲ್ಲ. ಆದರೂ ಬಂದದ್ದು ಮೂಗಿನ ಹ್ಞೂಂ.

ಮನೆಯವರಿಗೆ ಹೇಳಬೇಕು ಎಂದು ಅಂದುಕೊಂಡಿದ್ದಳು, ಸುಳ್ಳಲ್ಲ. ಮಗ ಸಿಟಿ ಬಸ್ಸಿನ ಡ್ರೈವರು. ಆ ವಾರವೇ ಅವನು ಊಟಕ್ಕೆ ಕೂತವನು ಹೇಳಿದ: "ನಮ್ಮ ಡಿಪೋದ ದೊಡ್ಡ ಮೀಸೆ ಡ್ರೈವರ್‌ನ ಸ್ಟೇರಿಂಗಿನಿಂದ ಇಳಿಸಿಬಿಟ್ರಮ್ಮ. ಕಣ್ಣಿನ ಪರೀಕ್ಷೇಲಿ ಸಿಕ್ಕಿಬಿದ್ದ. ಪೊರೆಯಂತೆ. ಗೊತ್ತಿದ್ದೂ ಯಾರಿಗೂ ಹೇಳ್ದೆ ಓಡಿಸ್ತಿದ್ದನಂತೆ, ಎಷ್ಟು ಧೈರ್ಯ ನೋಡು! ಅಂಥವರನ್ನ ಇಳಿಸಲೇಬೇಕು."

ಪಿನ್ನಮ್ಮ ಅವನ ಸಮವಸ್ತ್ರದ ಜೇಬಿಗೆ ಪಿನ್ನು ಚುಚ್ಚುತ್ತಾ ಕೂತಿದ್ದಳು. "ಹ್ಞೂಂ," ಎಂದಳು. ಎದ್ದು ಒಳಗೆ ಹೋದಳು. ಮಗ ಇನ್ನೂ ಏನೋ ಹೇಳುತ್ತಿದ್ದ. ಕುಕ್ಕರಿನ ಸದ್ದಿನಲ್ಲಿ ಅದು ಮುಳುಗಿತು.

ಅಂದಿನಿಂದ ಅವಳ ಕಣ್ಣಿನ ವಿಷಯ ಬಾಯಿಗೆ ಬರಲೇ ಇಲ್ಲ. ಮಗ, ಸೊಸೆ ಇಬ್ಬರೂ ಮೊದಲೇ "ಇನ್ನಾದ್ರೂ ಆರಾಮಾಗಿರಬಾರ್ದಾ" ಎಂದು ಆಗಾಗ ಅನ್ನುತ್ತಿದ್ದರು. ಆರಾಮ ಎನ್ನುವ ಪದ ಪಿನ್ನಮ್ಮನಿಗೆ ಜೈಲಿನ ಹೆಸರಿನ ಹಾಗೆ ಕೇಳಿಸುತ್ತಿತ್ತು. ಕಣ್ಣಿನ ಸುದ್ದಿ ಸಿಕ್ಕರೆ ಮುಗಿಯಿತು. ಡ್ರೈವರನ್ನು ಸ್ಟೇರಿಂಗಿನಿಂದ ಇಳಿಸಿದ ಹಾಗೆ ತನ್ನನ್ನು ಮಿಷನ್ನಿನಿಂದ ಇಳಿಸುತ್ತಾರೆ, ಅಂಗಡಿಯನ್ನು ಯಾರೋ ಮೊಬೈಲ್ ಕವರು ಮಾರುವವನಿಗೆ ಕೊಡುತ್ತಾರೆ.

ಅಷ್ಟರಲ್ಲಿ ಮನೆಗೆ ಟ್ಯಾಬ್ ಬಂತು.

ತಂದವಳು ಸೊಸೆ. ಅವಳು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಬಾಯಿ ಚುರುಕು, ಕೈ ಅದಕ್ಕಿಂತ ಚುರುಕು. ಕಾಲರು, ತೋಳು, ಜೇಬು, ಮಡಿಕೆ, ಇಂಥ ನೂರಾರು ಚಿತ್ರ ಹುಡುಕಿ ಟ್ಯಾಬಿನ ಆಲ್ಬಮ್ಮಿಗೆ ತುಂಬಿದಳು.

"ಗಿರಾಕಿಗಳು ಇದ್ರಲ್ಲಿ ನೋಡಿ ಆರಿಸಲಿ ಅತ್ತೆ. ನಿಮಗೆ ಪಿನ್ ತೆಗೆದು ಮಾತಾಡೋ ಕಷ್ಟಾನೂ ಇಲ್ಲ."

ಒಪ್ಪಂದ ಏನೆಂದರೆ, ಹಗಲು ಟ್ಯಾಬ್ ಅಂಗಡಿಗೆ, ಸಂಜೆ ಮೊಮ್ಮಗಳ ಕಾರ್ಟೂನಿಗೆ. ಮೊಮ್ಮಗಳಿಗೆ ಒಪ್ಪಂದದ ಎರಡನೇ ಭಾಗ ಚೆನ್ನಾಗಿ ನೆನಪಿರುತ್ತಿತ್ತು.

ಗಿರಾಕಿಗಳಿಗೆ ಟ್ಯಾಬ್ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ ಕಾಲರು ನೋಡಲು ಕೂತವನು ಮ್ಯಾಚು ನೋಡತೊಡಗಿದ. ತೋಳಿನ ಚಿತ್ರ ಹುಡುಕುತ್ತಿದ್ದ ಹೆಂಗಸು ಬೆರಳಾಡಿಸುತ್ತಾ ಮನೆಯ ವಿಡಿಯೋಗಳಿಗೆ ಹೋಗಿಬಿಟ್ಟಳು.

"ಪಿನ್ನಮ್ಮ, ಇದು ನಿಮ್ಮ ಮಗ ಅಲ್ವಾ? ಟವೆಲ್ ಸುತ್ಕೊಂಡು ಬ್ರಷ್ ಹಿಡ್ಕೊಂಡು ಹಾಡ್ತಿರೋದು?"

ಮೊಮ್ಮಗಳು ಬಾಗಿಲ ಸಂದಿಯಿಂದ ತೆಗೆದ ವಿಡಿಯೋ ಅದು. ಆ ವಾರ ಮಗನ ಬಸ್ಸು ಹತ್ತಿದ ಹೆಂಗಸರಲ್ಲಿ ಮೂರು ಜನ "ಒಂದು ಹಾಡು ಹೇಳಣ್ಣ" ಎಂದು ಕೇಳಿದರಂತೆ.

ಪಿನ್ನಮ್ಮ ಸೊಸೆಗೆ ಫೋನ್ ಮಾಡಿದಳು. ಸೊಸೆ ಬಸ್ಸಿಗೆ ಕಾಯುತ್ತಾ ನಿಂತಿದ್ದಳು.

"ಅದಕ್ಕೇನು ಅತ್ತೆ, ಪಿನ್ ಮಾಡಿಬಿಡಿ. ನಮ್ಮ ಲೈಬ್ರರೀಲೂ ಹಾಗೇ ಮಾಡೋದು. ಪಿನ್ ಮಾಡಿದ್ರೆ ಯಾರೂ ಆಚೀಚೆ ಹೋಗೋಕಾಗಲ್ಲ, ಅದೊಂದನ್ನೇ ನೋಡ್ಬೇಕು. ಅಯ್ಯೋ ಬಸ್ ಬಂತು, ಇಡ್ತೀನಿ!"

ಪಿನ್ನಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಇಷ್ಟು ದಿನ ಈ ಟ್ಯಾಬ್ ತನ್ನ ಲೋಕದ್ದಲ್ಲ ಎಂದುಕೊಂಡಿದ್ದಳು. ಕೊನೆಗೂ ಅದರ ಕಾಯಿಲೆಗೆ ತನ್ನ ಡಬ್ಬಿಯಲ್ಲೇ ಮದ್ದಿದೆ! ಉಳಿದಿದ್ದ ಕೋಟಿನ ಬಟ್ಟೆಯಲ್ಲಿ ಟ್ಯಾಬಿಗೆ ಒಂದು ಕವರು ಹೊಲಿದಳು. ನಡುವೆ ಚಿತ್ರ ಕಾಣಲು ಕಿಟಕಿ, ಬೆನ್ನಿನ ಕ್ಯಾಮೆರಾಗೊಂದು ತೂತು, ಕೆಳಗೆ ಆಚೆ ಹೋಗಲು ಒತ್ತುವ ಗುರುತುಗಳಿರುವ ಕಡೆಗೆ ಒಂದು ಮಡಿಕೆ. ಆ ಮಡಿಕೆಯ ಉದ್ದಕ್ಕೂ ಗುಂಡುಪಿನ್ನುಗಳನ್ನು ಮೊನೆ ಹೊರಗೆ ಬರುವ ಹಾಗೆ ಸಾಲಾಗಿ ಚುಚ್ಚಿದಳು. ಯಾರೂ ಆಚೀಚೆ ಹೋಗುವ ಹಾಗಿರಲಿಲ್ಲ.

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಬ್ಯಾಂಕಿನವನು ಮೊದಲು ಸಿಕ್ಕಿಬಿದ್ದ. "ಆಯ್! ಏನಮ್ಮಾ ಇದು, ಕಚ್ಚುತ್ತೆ!" ಎಂದು ಬೆರಳು ಬಾಯಿಗಿಟ್ಟುಕೊಂಡ.

"ಹ್ಞೂಂ," ಎಂದಳು ಪಿನ್ನಮ್ಮ, ತೃಪ್ತಿಯಿಂದ.

ಸಂಜೆ ಸೊಸೆ ಕವರು ನೋಡಿದವಳು ನೆಲಕ್ಕೆ ಕೂತುಬಿಟ್ಟಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಆ ಪಿನ್ನಲ್ಲ ಅತ್ತೆ! ಇದು ಒಳಗಿನ ಪಿನ್ನು!" ಎಂದು ಹತ್ತಿರ ಕೂರಿಸಿಕೊಂಡು ತೋರಿಸಿದಳು. ಬೇಕಾದ ಆ್ಯಪ್ ತೆರೆಯಬೇಕು, ತೆರೆದಿರುವ ಆ್ಯಪುಗಳ ಸಾಲು ಕರೆಯಬೇಕು, ಅದರ ತಲೆಯ ಮೇಲೆ ಒತ್ತಿದರೆ 'ಪಿನ್ ಮಾಡಿ' ಎಂದು ಬರುತ್ತದೆ. ಅಲ್ಲಿಂದ ಮುಂದೆ ಟ್ಯಾಬಿಗೆ ಆ ಒಂದು ಆ್ಯಪ್ ಬಿಟ್ಟು ಬೇರೆ ಪ್ರಪಂಚವಿಲ್ಲ.

"ಆಚೆ ಬರೋಕೆ?"

"ಕೆಳಗಿನ ಎರಡು ಗುರುತು ಒಟ್ಟಿಗೆ ಒತ್ತಿ ಹಿಡೀರಿ. ಆಗ ಪಿನ್ ಕೇಳುತ್ತೆ."

"ಈಗ ತಾನೇ ಆ ಪಿನ್ನಲ್ಲ ಅಂದೆ?"

"ಇದು ಇನ್ನೊಂದು ಪಿನ್ನು ಅತ್ತೆ. ನಾಲ್ಕು ಅಂಕಿ. ನೀವೇ ಇಡಿ, ಯಾರಿಗೂ ಹೇಳ್ಬೇಡಿ, ನನಗೂ."

"ಒಂದೇ ಯಂತ್ರಕ್ಕೆ ಮೂರು ಪಿನ್ನಾ? ಇದನ್ನ ಮಾಡಿದವರಿಗೆ ಬೇರೆ ಪದಾನೇ ಸಿಗ್ಲಿಲ್ವಾ?" ಎಂದಳು ಪಿನ್ನಮ್ಮ. ಬೆನ್ನು ತಿರುಗಿಸಿ, ಟ್ಯಾಬನ್ನು ಎದೆಗೆ ಅಪ್ಪಿಕೊಂಡ ಹಾಗೆ ಹಿಡಿದು ನಾಲ್ಕು ಅಂಕಿ ಒತ್ತಿದಳು. ಅಂಕಿಗಳಿಗಾಗಿ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

ಕವರಿನ ಪಿನ್ನುಗಳು ಡಬ್ಬಿಗೆ ಮರಳಿದವು, ಮಾರನೆಯ ದಿನದಿಂದ ಅಂಗಡಿ ಹತೋಟಿಗೆ ಬಂತು. ಆಲ್ಬಮ್ ಬಿಟ್ಟು ಯಾರ ಬೆರಳೂ ಆಚೆ ಹೋಗಲಿಲ್ಲ. ಸಂಜೆ ಮನೆಗೆ ಬಂದು ಪಿನ್ನಮ್ಮನೇ ನಂಬರು ಒತ್ತಿ ಬಿಡಿಸಿದ ಮೇಲೆ ಮೊಮ್ಮಗಳಿಗೆ ಕಾರ್ಟೂನು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಪಿನ್ನಮ್ಮ ಆಲ್ಬಮ್ಮಿನ ಪಿನ್ನು ಬಿಡಿಸಿ, ಟ್ಯಾಬಿನ ಪರದೆಯ ಮೇಲಿನ ಆ್ಯಪುಗಳ ಪುಟ್ಟ ಚಿತ್ರಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು. ಒಂದರ ಮೇಲೆ ದುಂಡನೆಯ ಗಾಜು, ಅದಕ್ಕೊಂದು ಹಿಡಿ. ಒತ್ತಿದಳು. ಪರದೆ ತುಂಬ ದಪ್ಪ ಹಗ್ಗಗಳು ನೇಯ್ದುಕೊಂಡು ಮಲಗಿದ್ದವು. ಹೆದರಿ ಹಿಂದೆ ಸರಿದಳು. ಹಗ್ಗಗಳೂ ಸರಿದವು. ಆಮೇಲೆ ತಿಳಿಯಿತು, ಅದು ಮೇಜಿನ ಮೇಲಿದ್ದ ಪ್ಯಾಂಟಿನ ಬಟ್ಟೆ. ಪಿನ್ನಮ್ಮ ಬಾಯಿಂದ ಪಿನ್ನುಗಳನ್ನು ತೆಗೆದು ಡಬ್ಬಿಗೆ ಹಾಕಿದಳು. ಹಗಲು ಹೊತ್ತಿನಲ್ಲಿ, ಯಾರೊಡನೆಯೂ ಮಾತಾಡುವುದಿಲ್ಲದೆ ಹೀಗೆ ಮಾಡಿದ್ದು ಅವಳಿಗೇ ನೆನಪಿರಲಿಲ್ಲ. ಒಂದು ಸೂಜಿ ತಂದು ಟ್ಯಾಬಿನ ಬೆನ್ನಿಗೆ ಹಿಡಿದಳು. ಸೂಜಿಯ ಕಣ್ಣು ಬಾವಿಯ ಬಾಯಿಯಷ್ಟು ದೊಡ್ಡದಾಗಿ ಕಂಡಿತು. ದಾರ ಒಂದೇ ಸಲಕ್ಕೆ ತೂರಿತು.

ಬಟ್ಟೆ ನೇತುಹಾಕುವ ತಂತಿಯ ಹ್ಯಾಂಗರನ್ನು ಬಗ್ಗಿಸಿ ಕುದುರೆಯ ಹಾಗೆ ಕಾಲೂರಿ ನಿಲ್ಲುವ ಒಂದು ಸ್ಟ್ಯಾಂಡು ಮಾಡಿದಳು. ಅದರ ಮೇಲೆ ಟ್ಯಾಬ್, ಅದರ ಕೆಳಗೆ ಕೈ. ಮೊದಲೆರಡು ದಿನ ಕೈಯೇ ಬೇರೆ ಯಾರದೋ ಅನ್ನಿಸಿತು. ಪರದೆಯ ಸೂಜಿ ನಿಜವಾದ ಸೂಜಿಗಿಂತ ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು. ಮೂರನೇ ದಿನ ಕೈಗೂ ಪರದೆಗೂ ರಾಜಿಯಾಯಿತು. ಬಟ್ಟೆಯ ತುದಿ ತಾಗಿದಾಗೆಲ್ಲ ಪರದೆ ಜಾರಿ ಕಾಜಾದ ಜಾಗದಲ್ಲಿ ಕಾರ್ಟೂನು ಕರಡಿ ಬಂದು ಕುಣಿಯುತ್ತಿತ್ತು. ಇದೊಂದೇ ಕಾಟ. ಅದಕ್ಕೂ ದಾರಿ ಗೊತ್ತಿತ್ತಲ್ಲ. ಭೂತಗನ್ನಡಿಯನ್ನೇ ಪಿನ್ ಮಾಡಿದಳು. ಗಿರಾಕಿ ಬಂದರೆ ನಂಬರು ಒತ್ತಿ ಆಲ್ಬಮ್, ಗಿರಾಕಿ ಹೋದರೆ ಮತ್ತೆ ಭೂತಗನ್ನಡಿ, ಮನೆಗೆ ಹೊರಡುವ ಮುಂಚೆ ಎಲ್ಲ ಬಿಡಿಸಿ ಚೀಲಕ್ಕೆ. ಕಳ್ಳತನ ಮಾಡುವವರೂ ಇಷ್ಟು ಶಿಸ್ತಿನಿಂದ ಇರುವುದಿಲ್ಲ.

ಒಮ್ಮೆ ಮಾತ್ರ ಗಡಿಯಾರದವರು ಕತ್ತರಿ ಕೇಳಲು ತಲೆ ತೂರಿಸಿದವರು ನೋಡಿಬಿಟ್ಟರು. ಅವರ ಬಲಗಣ್ಣಿಗೆ ಕಪ್ಪು ಡಬ್ಬಿಯಂಥ ಗಾಜು ಯಾವಾಗಲೂ ಅಂಟಿಕೊಂಡೇ ಇರುತ್ತಿತ್ತು.

"ಏನು ಪಿನ್ನಮ್ಮ, ಗುಂಡಿಗೆ ಸಿನಿಮಾ ತೋರಿಸ್ತಿದ್ದೀರಾ?"

ಪಿನ್ನಮ್ಮ ಪಿನ್ನುಗಳನ್ನು ತೆಗೆದಳು. ಅಷ್ಟಕ್ಕೇ ಅವರು ಗಂಭೀರರಾದರು.

"ಯಾರಿಗೂ ಹೇಳ್ಬೇಡಿ. ಮಗನಿಗಂತೂ ಬೇಡವೇ ಬೇಡ."

"ನಾನು ಮೂವತ್ತು ವರ್ಷದಿಂದ ಕಣ್ಣಿಗೆ ಗಾಜು ಸಿಕ್ಕಿಸ್ಕೊಂಡು ಕೂತಿದೀನಿ, ನನ್ನನ್ನ ಯಾರೂ ಮುದುಕ ಅನ್ನಲಿಲ್ಲ. ನನ್ನ ಕಣ್ಣಿಗಿದ್ರೆ ಕಸುಬು, ನಿಮ್ಮ ಕಣ್ಣಿಗಿದ್ರೆ ಕಾಯಿಲೆನಾ?"

"ನಿಮ್ಮ ಮಗ ಬಸ್ ಓಡಿಸ್ತಾನಾ?"

ಪಕ್ಕದವರಿಗೆ ತಲೆಬುಡ ತಿಳಿಯಲಿಲ್ಲ. ಕತ್ತರಿ ತೆಗೆದುಕೊಂಡು ಹೋದರು.

ಇದೇ ಹೊತ್ತಿಗೆ ಬಂದದ್ದು ವಕೀಲಮ್ಮನ ಕೋಟು. ಹೊಸದಾಗಿ ವಕೀಲಿಕೆ ಹಿಡಿದ ಹುಡುಗಿ, ಮೊದಲನೇ ಸಲ ತಾನೇ ಎದ್ದು ನಿಂತು ವಾದ ಮಾಡಬೇಕಿತ್ತು. ಕಪ್ಪು ಬಟ್ಟೆ, ಕಪ್ಪು ದಾರ, ಎಲ್ಲ ಕಾಜಾ ಕೈಯಲ್ಲೇ. ಮೊದಲಾಗಿದ್ದರೆ ಪಿನ್ನಮ್ಮ ಎರಡು ಸಲ ಕತ್ತರಿಸಿ ಹ್ಞೂಂ ಅಂದು ಕಳಿಸುತ್ತಿದ್ದಳೇನೋ. ಈಗ ಚಿಕ್ಕದಾಗಿ ಒಂದೇ ಹ್ಞೂಂ ಅಂದು ಬಟ್ಟೆ ತೆಗೆದುಕೊಂಡಳು. ಟ್ಯಾಬಿನ ಬೆಳಕಿನಲ್ಲಿ ಕಪ್ಪು ಬೇರೆ ಬೇರೆಯಾಗಿ ಕಾಣುತ್ತಿತ್ತು, ದಾರದ ಕಪ್ಪು ಹೊಳಪು, ಬಟ್ಟೆಯ ಕಪ್ಪು ಮಂಕು.

ಕೋಟು ಕೊಡುವ ಹಿಂದಿನ ದಿನ ಸಂಜೆ ವಕೀಲಮ್ಮ ತೊಟ್ಟು ನೋಡಲು ಬಂದಳು. ಬಾಗಿಲು ಹಾಕುವ ಹೊತ್ತು. ಪಿನ್ನಮ್ಮ ಕೊನೆಯ ಕಾಜಾದ ನಡುವೆ ಇದ್ದಳು. ಎದೆಯ ಮೇಲಿನದು, ಎಲ್ಲರ ಕಣ್ಣಿಗೂ ಬೀಳುವಂಥದ್ದು. ಅವಸರದಲ್ಲಿ ಟ್ಯಾಬನ್ನು ಕವರಿನ ಸಮೇತ ಚೀಲಕ್ಕೆ ತುರುಕಿದಳು. ವಕೀಲಮ್ಮ ಕನ್ನಡಿಯ ಮುಂದೆ ನಿಂತು "ಮಾನ್ಯರೇ..." ಎಂದು ಒಂದು ಸಲ, ಬೆರಳೆತ್ತಿ ಇನ್ನೊಂದು ಸಲ ಹೇಳಿ ನೋಡಿಕೊಂಡಳು. ತೋಳು ಎತ್ತಿದರೆ ಎಳೆಯಲಿಲ್ಲ. ಸಂತೋಷವಾಯಿತು. ಬೆಳಿಗ್ಗೆ ಮನೆಗೇ ಬಂದು ಒಯ್ಯುತ್ತೇನೆ ಎಂದು ಹೊರಟಳು. ಉಳಿದ ಅರ್ಧ ಕಾಜಾ ಮನೆಯಲ್ಲಿ ಹೇಗೋ ಮುಗಿಸಿದರಾಯಿತು ಎಂದು ಪಿನ್ನಮ್ಮ ಕೋಟನ್ನೂ ಚೀಲಕ್ಕಿಟ್ಟುಕೊಂಡಳು. ಭೂತಗನ್ನಡಿಯ ಪಿನ್ನು ಬಿಡಿಸುವುದು ಅವತ್ತು ಮರೆತೇಹೋಯಿತು.

ಮನೆಯಲ್ಲಿ ಮೊಮ್ಮಗಳು ಕಾದಿದ್ದಳು. ಶಾಲೆಯ ಲಂಗದ ಅಂಚು ಬಿಚ್ಚಿಹೋಗಿತ್ತು.

"ಅಜ್ಜಿ, ಈಗಲೇ!"

ಪಿನ್ನಮ್ಮ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ತಾನು ನೆಲದ ಮೇಲೆ ಕೂತು, ಪಿನ್ನುಗಳನ್ನು ಬಾಯಿಗಿಟ್ಟುಕೊಂಡು, ಅಂಚು ಮಡಿಸುತ್ತಾ ಸುತ್ತ ಹೊರಟಳು. ಇದಕ್ಕೆ ಕಣ್ಣು ಬೇಕಿರಲಿಲ್ಲ, ಬೆರಳೇ ಸಾಕು. ಅಲ್ಲಾಡಬೇಡ ಎಂದರೆ ಅಲ್ಲಾಡದೆ ಇರುವ ಮಗುವಲ್ಲ ಅದು. ಮೊಮ್ಮಗಳು ಪಕ್ಕದ ಕುರ್ಚಿಯಲ್ಲಿದ್ದ ಚೀಲಕ್ಕೆ ಕೈಹಾಕಿ ಟ್ಯಾಬ್ ಎಳೆದುಕೊಂಡಳು.

"ಅಜ್ಜಿ, ಇದೇನು? ಕಾರ್ಟೂನೇ ಇಲ್ಲ!"

ಪಿನ್ನಮ್ಮನ ಕೈ ಅಲ್ಲೇ ನಿಂತಿತು. "ಹ್ಞೂಂ! ಹ್ಞೂಂಹ್ಞೂಂ!" ಎಂದಳು. ಇಂಥ ಹ್ಞೂಂ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರಿಗೂ ಅರ್ಥವಾಗಲಿಲ್ಲ.

"ಅಪ್ಪಾ ನೋಡು, ನಿನ್ನ ಮೂಗು!" ಮೊಮ್ಮಗಳು ಸ್ಟೂಲಿನ ಮೇಲಿಂದಲೇ ಟ್ಯಾಬ್ ಚಾಚಿದಳು. ಚಹಾ ಕುಡಿಯುತ್ತಿದ್ದ ಮಗ ಬಗ್ಗಿ ನೋಡಿದ. "ಥೂ, ಇದು ಮೂಗಾ ಗುಹೆನಾ?"

"ಅಮ್ಮಾ, ಅಪ್ಪನ ತಲೇಲಿ ಕೂದಲು ಎಣಿಸಬಹುದು!"

"ಅದಕ್ಕೆ ಟ್ಯಾಬ್ ಯಾಕೆ, ಬರಿಗಣ್ಣಿಗೇ ಎಣಿಸಬಹುದು," ಎಂದಳು ಬಟ್ಟೆ ಮಡಿಸುತ್ತಿದ್ದ ಸೊಸೆ. "ಭೂತಗನ್ನಡಿ ಆ್ಯಪ್ ಅದು."

"ಭೂತಾನಾ? ಎಲ್ಲಿ?"

"ನಿನ್ನ ಕೈಲೇ ಇದೆ. ಕೊಡಿಲ್ಲಿ." ಸೊಸೆ ಟ್ಯಾಬ್ ತೆಗೆದುಕೊಂಡು ಆಚೆ ಹೋಗಲು ನೋಡಿದಳು. ಆಗಲಿಲ್ಲ. ಪಿನ್ ಕೇಳಿತು. ಅವಳ ಹುಬ್ಬು ಗಂಟಾಯಿತು. "ಇದ್ಯಾಕೆ ಪಿನ್ ಆಗಿದೆ? ಆಲ್ಬಮ್ ಅಲ್ವಾ ಅತ್ತೆ ನೀವು ಪಿನ್ ಮಾಡೋದು?"

ಪಿನ್ನಮ್ಮ ಮೊಮ್ಮಗಳ ಲಂಗದ ಹಿಂದೆ ಅವಿತುಕೊಳ್ಳಬಹುದಾದಷ್ಟು ಅವಿತುಕೊಂಡು ಒಂದು ಪಿನ್ನು ಚುಚ್ಚಿದಳು. ಮೊಮ್ಮಗಳು "ಆಯ್" ಎಂದಳು.

ಮಗ ತನ್ನ ಹುಟ್ಟಿದ ವರ್ಷ ಹಾಕಿ ನೋಡಿದ. ಮೊಮ್ಮಗಳು ತನ್ನದು ಹಾಕಿಸಿದಳು. "ನಿಮ್ಮ ಬಸ್ ನಂಬರು?" ಎಂದಳು ಸೊಸೆ. ಅದೂ ಅಲ್ಲ. ಯಾವ ದಾರಿಯಿಂದ ಹೋದರೂ ಟ್ಯಾಬ್ ತೋರಿಸಿದ್ದು ಒಂದನ್ನೇ: ನೆಲದ ಕೊಳೆ, ಲೋಟದ ಅಂಚು, ಸೀರಿಯಸ್ಸಾಗಿ ನಡೆದುಹೋಗುತ್ತಿದ್ದ ಒಂದು ಇರುವೆ. ಒಂದೇ ವಿಷಯ ಹೇಳು ಎಂದು ಪಿನ್ ಮಾಡಿಟ್ಟಿದ್ದ ಟ್ಯಾಬ್ ಬೇರೆ ಏನು ತಾನೇ ಹೇಳೀತು?

ಸೊಸೆಯ ಬೆರಳು ನಿಧಾನವಾಯಿತು. ಚಿತ್ರ ಹಿಗ್ಗಿಸಲು ಪರದೆಯ ಪಕ್ಕದಲ್ಲಿದ್ದ ಗೆರೆಯನ್ನು ನೋಡಿದಳು. "ಇದು ಇನ್ನು ಹಿಗ್ಗಲ್ಲ, ಅಷ್ಟು ದೊಡ್ಡದು ಮಾಡಿಟ್ಟಿದೆ," ಎಂದಳು. ನಗು ನಿಂತಿತ್ತು. ಚೀಲದಿಂದ ಇಣುಕುತ್ತಿದ್ದ ಕಪ್ಪು ಕೋಟನ್ನು, ಅರ್ಧಕ್ಕೆ ನಿಂತಿದ್ದ ಕಾಜಾವನ್ನು ನೋಡಿದಳು. "ಅತ್ತೆ, ಇದಿಲ್ಲದೆ ನಿಮಗೆ ದಾರ ಕಾಣ್ತಾ ಇಲ್ವಾ?"

ಯಾವ ಹ್ಞೂಂ ಅನ್ನಬೇಕೆಂದು ಪಿನ್ನಮ್ಮನಿಗೆ ಹೊಳೆಯಲಿಲ್ಲ. ಇದ್ದ ಹ್ಞೂಂಗಳಲ್ಲಿ ಯಾವುದೂ ಇದಕ್ಕೆ ಹೊಂದುತ್ತಿರಲಿಲ್ಲ. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಮಗ ಅಭ್ಯಾಸಬಲದಿಂದ ಚಪ್ಪಲಿ ಇದ್ದ ಕಡೆ ನೋಡಿದ. ಅಪ್ಪನಿಂದ ಬಂದ ಗುಣ.

"ಕಾಣಲ್ಲ," ಎಂದಳು. "ಪೊರೆಯಂತೆ. ಎರಡೂ ಕಣ್ಣಿಗೆ. ನೀವು ಏನಾದ್ರೂ ಅಂದ್ಕೊಳ್ಳಿ, ಈ ಕೋಟೊಂದು ಮುಗಿಸ್ತೀನಿ. ಪಾಪ, ಆ ಹುಡುಗಿ ನಾಳೆ ಹಾಕ್ಕೊಂಡು ನಿಲ್ಬೇಕು. ಆಮೇಲೆ ಬೇಕಾದ್ರೆ ನನ್ನನ್ನ ಇಳಿಸಿಬಿಡಿ."

"ಎಲ್ಲಿಂದ ಇಳಿಸೋದು?" ಎಂದ ಮಗ.

"ಮಿಷನ್ನಿಂದ. ಆ ದೊಡ್ಡ ಮೀಸೆಯವನನ್ನ ಇಳಿಸಿದ್ರಲ್ಲ, ಹಾಗೆ. ನೀನೇ ಹೇಳ್ದೆ, ಇಳಿಸಲೇಬೇಕು ಅಂತ."

ಮಗ ಲೋಟ ಕೆಳಗಿಟ್ಟ. "ಅಮ್ಮಾ, ಅದು ಅರ್ಧ ಸುದ್ದಿ! ಮಿಕ್ಕಿದ್ದು ಹೇಳೋ ಹೊತ್ತಿಗೆ ನೀನು ಎದ್ದು ಹೋದೆ!"

ಪಿನ್ನಮ್ಮನ ಅಂಗೈಯಲ್ಲಿ ಪಿನ್ನುಗಳಿದ್ದವು. ಬಾಯಿ ಖಾಲಿ ಇತ್ತು. ಎಷ್ಟೋ ದಿನದಿಂದ ಕೇಳದೆ ಬಿಟ್ಟಿದ್ದನ್ನು ಕೇಳಿದಳು: "ಆಮೇಲೇನಾಯ್ತು?"

"ಆಮೇಲೇನು, ಆಪರೇಷನ್ ಮಾಡಿಸ್ಕೊಂಡ. ಮತ್ತೆ ಪರೀಕ್ಷೆ ಕೊಟ್ಟ, ಪಾಸಾದ. ಈಗ ಹದಿನೇಳನೇ ನಂಬರ್ ಬಸ್ ಓಡಿಸ್ತಿದಾನೆ. ನಿನ್ನೆ ನೀನು ಮಾರ್ಕೆಟ್ಟಿಗೆ ಹೋಗಿದ್ದೇ ಅವನ ಬಸ್ಸಲ್ಲಿ!"

"ಅವನಿಗೆ ಮೀಸೆ ಇರ್ಲಿಲ್ವಲ್ಲ?"

"ಮೀಸೆ ಬೋಳಿಸಿದಾನೆ. ಈಗ ಕನ್ನಡೀಲಿ ಸರಿಯಾಗಿ ಕಾಣ್ತಂತೆ, ಚೆನ್ನಾಗಿಲ್ಲ ಅಂತ ಗೊತ್ತಾಯ್ತಂತೆ."

ಸೊಸೆ ಫಕ್ಕನೆ ನಕ್ಕಳು. ಪಿನ್ನಮ್ಮ ನಗಲಿಲ್ಲ. ನೆಲದ ಮೇಲೆ ಕೂತಲ್ಲೇ ಗೋಡೆಗೆ ಒರಗಿದಳು. ಆ ಕುಕ್ಕರಿನ ಸದ್ದಿನಿಂದ ಇಲ್ಲಿಯವರೆಗೆ ಎದೆಯೊಳಗೆ ಬಿಗಿಯಾಗಿ ಹಾಕಿಕೊಂಡಿದ್ದ ಹೊಲಿಗೆ ಒಂದೇ ಎಳೆತಕ್ಕೆ ಬಿಚ್ಚಿಹೋದ ಹಾಗಾಯಿತು.

"ಮತ್ತೆ ಇಳಿಸಲೇಬೇಕು ಅಂದೆ?"

"ಮುಚ್ಚಿಟ್ಕೊಂಡಿದ್ದಕ್ಕೆ ಅಂದೆ. ಅದಕ್ಕೆ ನಿನ್ನ ಮೇಲೂ ಸಿಟ್ಟಿದೆ, ಇರು," ಎಂದ ಮಗ. ಆದರೆ ಸಿಟ್ಟು ಅವನ ಮುಖದಲ್ಲಿ ಸರಿಯಾಗಿ ಕೂರಲಿಲ್ಲ, ಅಳತೆ ತಪ್ಪಿದ ಅಂಗಿಯ ಹಾಗಿತ್ತು. "ಮೊದಲು ಆಸ್ಪತ್ರೆ. ಮಾತಿಲ್ಲ. ಅಂಗಡಿ ನಿನ್ನದು, ಅದು ಎಲ್ಲಿಗೂ ಹೋಗಲ್ಲ."

"ಮೊದಲು ಕೋಟು," ಎಂದಳು ಸೊಸೆ. "ಆಮೇಲೆ ಆಸ್ಪತ್ರೆ. ಅತ್ತೆ, ಏಳಿ."

ಊಟದ ಮೇಜಿನ ಮೇಲಿದ್ದದ್ದನ್ನೆಲ್ಲ ಬದಿಗೆ ಸರಿಸಿದರು. ಎರಡು ಡಬ್ಬಿಗಳ ಮೇಲೆ ಟ್ಯಾಬ್ ಇಟ್ಟರು. ಪಿನ್ನಮ್ಮ ಅದರ ಕೆಳಗೆ ಕೈ ತೂರಿಸಿ ಕಾಜಾ ಹಿಡಿದಳು. ಮಗ, ಸೊಸೆ, ಅರ್ಧ ಪಿನ್ನು ಚುಚ್ಚಿದ ಲಂಗದಲ್ಲೇ ಮೊಮ್ಮಗಳು, ಮೂವರೂ ಮ್ಯಾಚು ನೋಡುವವರ ಹಾಗೆ ಸುತ್ತ ನಿಂತರು. ಪರದೆಯ ಮೇಲೆ ದೊಡ್ಡ ಸೂಜಿ ಮುಳುಗಿತು, ಎದ್ದಿತು, ದಾರ ಸುತ್ತಿ ಗಂಟು ಹಿಂದಿನ ಗಂಟಿನ ಪಕ್ಕ ಹೋಗಿ ಕೂತಿತು. ತಾಯಿ ಇಷ್ಟು ವರ್ಷ ಮಾಡುತ್ತಿದ್ದದ್ದು ಏನು ಎಂದು ಮಗ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೊನೆಯ ಗಂಟಿಗೆ ಮೊಮ್ಮಗಳು ಚಪ್ಪಾಳೆ ಹೊಡೆದಳು.

"ಈಗ ನಂಬರು ಹೇಳಿ ಅತ್ತೆ. ಇವಳ ಕಾರ್ಟೂನು ಬಿಡಿಸೋಣ."

"ಇಪ್ಪತ್ತೆಂಟು, ಮೂವತ್ತೆಂಟು," ಎಂದಳು ಪಿನ್ನಮ್ಮ ದಾರ ಕತ್ತರಿಸುತ್ತಾ.

ಟ್ಯಾ‌ಬ್ ತೆರೆದುಕೊಂಡಿತು. "ಇದೆಂಥ ನಂಬರಮ್ಮ?" ಎಂದ ಮಗ.

"ನಿನ್ನ ಹೆಂಡತೀದೇ. ಸೊಂಟ ಇಪ್ಪತ್ತೆಂಟು, ಉದ್ದ ಮೂವತ್ತೆಂಟು. ಮದುವೆ ಗೊತ್ತಾದಾಗ ಮೊದಲನೇ ಸಲ ಇವಳಿಗೆ ಲಂಗ ಹೊಲಿದೆನಲ್ಲ, ಅದರ ಅಳತೆ. ಮರೆತುಹೋಗಲ್ಲ ಅಂತ ಇಟ್ಟೆ."

"ಅತ್ತೇ! ಮನೆ ಮಂದಿಗೆಲ್ಲ ನನ್ನ ಸೊಂಟದ ಅಳತೆ ಹೇಳ್ತಿದ್ದೀರಲ್ಲ!" ಎಂದಳು ಸೊಸೆ. ಮಗ ಅವಳ ಸೊಂಟದ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದ, ಅವಳ ಕಣ್ಣು ನೋಡಿ ಮುಚ್ಚಿದ. ಸೊಸೆ ಅತ್ತೆಯ ಕಡೆ ತಿರುಗಿದಳು. "ಇರಲಿ ಬಿಡಿ. ಆ ನಂಬರು ಮಾತ್ರ ಯಾವತ್ತೂ ಬದಲಾಯಿಸ್ಬೇಡಿ."

ಬೆಳಿಗ್ಗೆ ವಕೀಲಮ್ಮ ಕೋಟು ತೊಟ್ಟುಕೊಂಡೇ ಹೋದಳು. ಮಧ್ಯಾಹ್ನ ಫೋನ್ ಮಾಡಿ, ಮಾತು ಎರಡು ಕಡೆ ತಡವರಿಸಿತು, ಆದರೆ ಆ ಎರಡು ಸಲವೂ ಎದೆಯ ಗುಂಡಿ ಹಿಡಿದುಕೊಂಡು ನಿಂತೆ, ಅದು ಅಲ್ಲಾಡಲಿಲ್ಲ ಎಂದಳು. "ಹ್ಞೂಂ," ಎಂದಳು ಪಿನ್ನಮ್ಮ. ಫೋನು ಇಡುವ ಮುಂಚೆ ಪಿನ್ನು ತೆಗೆದು, "ಆಮೇಲೇನಾಯ್ತು?" ಎಂದೂ ಕೇಳಿದಳು. ಹೊಸದಾಗಿ ಹಿಡಿದ ಚಟ.

ಒಂದು ಕಣ್ಣಿನ ಆಪರೇಷನ್ ಆಯಿತು, ಸ್ವಲ್ಪ ದಿನ ಬಿಟ್ಟು ಇನ್ನೊಂದರದ್ದೂ ಆಯಿತು. ಅಂಗಡಿಯ ಬಾಗಿಲು ಮತ್ತೆ ತೆಗೆದ ದಿನ ಗಡಿಯಾರದವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡೇ ನೋಡಲು ಬಂದರು. ಬಲ್ಬಿನ ಸುತ್ತ ಬಳೆ ಇರಲಿಲ್ಲ. ಪಿನ್ನಮ್ಮ ಕನ್ನಡಿ ನೋಡಿದಳು, ಮೇಜು ನೋಡಿದಳು, ಗಡಿಯಾರದವರ ಅಂಗಿ ನೋಡಿ "ಕಾಫಿ ಕಲೆ" ಎಂದಳು. ಕೊನೆಗೆ ಟ್ಯಾಬಿನ ಕವರನ್ನು ಬೆಳಕಿಗೆ ಹಿಡಿದಳು. ಅದರ ಹೊಲಿಗೆ ಕುಡುಕ ನಡೆದ ದಾರಿಯ ಹಾಗೆ ಅತ್ತ ಇತ್ತ ಹೋಗಿತ್ತು.

"ಇದನ್ನ ಯಾರು ಹೊಲಿದದ್ದು?" ಎಂದರು ಗಡಿಯಾರದವರು.

ಪಿನ್ನಮ್ಮ ಮೂಗಿನಿಂದ ಒಂದು ಹ್ಞೂಂ ಅಂದಳು. ಕತ್ತರಿ ತೆಗೆದುಕೊಂಡು ಆ ಹೊಲಿಗೆಯನ್ನು ಸರ್ರನೆ ಬಿಚ್ಚಿದಳು. ಪಿನ್ನುಗಳನ್ನು ಬಾಯಿಗಿಟ್ಟುಕೊಂಡು ಮಿಷನ್ನಿಗೆ ಕೂತಳು.